ಶಿವಗಂಗಾಬಾಯಿಯ ಕರಿ ಶಿವದಾರ

ಕಾಸಾರಶಿರಸಿಯಲ್ಲಿ ಲಿಂಗ ಕಟ್ಟಿಕೊಂಡವರ ಕೊರಳಲ್ಲೆಲ್ಲ ಶಿವಗಂಗಾಬಾಯಿ ಹೊಸೆದ ಶಿವದಾರವೇ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಈ ಹೆಣ್ಣುಮಗಳು ಕೂತು ಉಣ್ಣುವವಳಲ್ಲ. ನೂಲು ಹೊಸೆದು, ಅಳಲೆಕಾಯಿ ಮತ್ತು ಕಬ್ಬಿಣದ ತುಕ್ಕಿನ ನೀರಿನಲ್ಲಿ ಅದ್ದಿ ಕಪ್ಪು ಮಾಡುತ್ತಿದ್ದಳು. ಬೆವರಿಗೆ ಬಣ್ಣ ಬಿಟ್ಟು ಅಂಗಿ ಕೆಡುತ್ತದೆಂದು ಜನ ಗೊಣಗುತ್ತಿದ್ದರು, ದಾರ ಹರಿಯಿತೆಂದು ಮಾತ್ರ ಯಾರೂ ಅಂದಿರಲಿಲ್ಲ. ಲಿಂಗ ಮೈಬಿಟ್ಟು ನೆಲಕ್ಕೆ ಬಿದ್ದರೆ ಭಕ್ತನಿಗೆ ಜೀವವೇ ಹೋದಂತೆ. ಅಂಥದ್ದನ್ನು ಊರು ತನ್ನ ಕೈಗೆ ಒಪ್ಪಿಸಿದೆ ಎಂಬುದೊಂದೇ ಆಕೆಯ ಹೆಮ್ಮೆ.

ಪೊಲೀಸ್ ಆ್ಯಕ್ಷನ್ ಮುಗಿದು, ನಿಜಾಮರ ಸುಂಕದ ನಾಕೆಗಳು ಎದ್ದುಹೋದ ಮೇಲೆ ಮುಂಬೈ ಮಾಲು ಸರಾಗವಾಗಿ ಬರತೊಡಗಿತು. ಉದಗೀರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಣ್ಣ ವಿಶ್ವನಾಥಪ್ಪ ಮಾತಿನಮಲ್ಲ. ಅವನು ಅನಿಲೀನ್ ಉಪ್ಪೆಂಬ ಹೊಸ ಬಣ್ಣದ ಡಬ್ಬಿ ತಂದು, ಇದು ಡಾಂಬರಿನಿಂದ ಹುಟ್ಟಿದ್ದು, ಕೊಡೆಯ ಬಟ್ಟೆಯ ಕಪ್ಪು, ಬೂಟಿನ ಪಾಲಿಶು, ಛಾಪಖಾನೆಯ ಶಾಯಿ ಎಲ್ಲ ಇದರದೇ ಪ್ರತಾಪ ಎಂದು ಹೊಗಳಿದ. ಬೆಳ್ಳಗಿನ ಉಪ್ಪು ಗಾಳಿಗೆ ಕಂದಾಗುತ್ತಿತ್ತು, ಕೊಳೆತ ಮೀನಿನಂತೆ ನಾರುತ್ತಿತ್ತು. ಜೊತೆಗಿನ ಪುಡಿ ಬೆರೆಸಿ ಅದ್ದಿ ಹರವಿದರೆ ನೂಲು ಮೊದಲು ಹಸಿರಾಗಿ, ಆಮೇಲೆ ಕಪ್ಪಗೆ ಕೂರುತ್ತಿತ್ತು. ಎಷ್ಟು ಉಜ್ಜಿದರೂ ಬಿಡದ ಕಪ್ಪು.

ಆದರೆ ಈ ಬಣ್ಣದಿಂದ ನೂಲಿನಲ್ಲಿ ಉಳಿದ ಆಮ್ಲ ಹತ್ತಿಯನ್ನು ತಿನ್ನುತ್ತದೆ, ಸೋಡಾ ನೀರಿನಲ್ಲಿ ಕುದಿಸಿ ಕುದಿಸಿ ತೊಳೆಯಲೇಬೇಕು ಎಂದು ಹೇಳಿದವನೂ ಅವನೇ. ಉಪ್ಪಿನ ಆ ವಾಸನೆಗೆ ತಂಗಿಯ ತಲೆ ಸುತ್ತುತ್ತಿತ್ತು, ತುಟಿ ನೀಲಿಗಟ್ಟುತ್ತಿತ್ತು.

“ತೊಳಿಯೂದು ನನಗ ಬಿಡು ತಂಗೀ” ಎಂದು ಅಣ್ಣ ನೂಲನ್ನು ಉದಗೀರಕ್ಕೆ ಒಯ್ದ. ಒಡಹುಟ್ಟಿದವನು, ಆಕೆ ನಂಬಿದಳು.

ತೊಳೆದಾಯಿತೆಂದು ಅವನು ಮರಳಿ ತಂದುಕೊಟ್ಟ ಹೊಸ ದಾರವನ್ನೇ ಶಿವರಾತ್ರಿಗೆ ಊರೆಲ್ಲ ಕಟ್ಟಿಕೊಂಡಿತು. ಬೇಸಿಗೆಯಲ್ಲಿ ಮುದುಕ ಮನ್ಮಥಪ್ಪನ ದಾರ ಸಂತೆಯ ನಡುವೆಯೇ ಹರಿದು ಲಿಂಗ ಮಣ್ಣಿಗೆ ಬಿತ್ತು. ಆತ ಅನ್ನ ನೀರು ಬಿಟ್ಟು ಮಠದಲ್ಲಿ ಕೂತ. ಮತ್ತೂ ಕೆಲವರ ದಾರ ಹರಿದವು. ಜನ ಬಂದು ದಾರಗಳನ್ನು ಆಕೆಯ ಹೊಸ್ತಿಲ ಮೇಲೆ ಇಟ್ಟು ಅಂಗಳದಲ್ಲಿ ನಿಂತರು. ಒಂದನ್ನು ಎಳೆದು ನೋಡಿದಳು, ಸುಟ್ಟ ಬತ್ತಿಯ ಹಾಗೆ ತುಂಡಾಯಿತು.

ಅಣ್ಣ ಬಂದವನೇ ಎಲ್ಲರೆದುರು ಕೈ ಝಾಡಿಸಿದ. “ಬಣ್ಣಾ ಹಾಕಿದಾಕಿ ಆಕಿನೇರೀ. ನಾ ಏನ್ ಮಾಡ್ಲಿ?”

ತನ್ನ ಕೈಯೇ ತಪ್ಪಿತೇನೋ ಎಂದು ಆಕೆ ಅತ್ತಳು. ಊಟಕ್ಕೆ ಮೊದಲು ಅಣ್ಣ ಸ್ನಾನ ಮಾಡಿ ಲಿಂಗಪೂಜೆಗೆ ಕೂತ. ಅವನ ಕೊರಳಲ್ಲಿದ್ದದ್ದು ಅಳಲೆಕಾಯಿ ಬಣ್ಣದ ಹಳೆಯ ದಾರ, ಅವನ ಮದುವೆಗೆಂದು ಆಕೆಯೇ ಹೊಸೆದದ್ದು.

“ಊರಿಗೆಲ್ಲ ಹೊಸಾದು ಕೊಟ್ಟಿ. ನೀ ಯಾಕ ಕಟ್ಟಿಕೊಳ್ಳಲಿಲ್ಲ ಅಣ್ಣಾ?”

ಅವನು ಅಂಗಿ ತೊಟ್ಟು, ಕೊರಳವರೆಗೆ ಗುಂಡಿ ಹಾಕಿಕೊಂಡು, ಉಣ್ಣದೆ ಉದಗೀರದ ಬಸ್ಸು ಹತ್ತಿದ. ಅಣ್ಣ ನೂಲು ತೊಳೆಯದೆಯೇ ತಂದುಕೊಟ್ಟ, ಅದು ಹರಿಯುವುದು ಅವನಿಗೆ ಗೊತ್ತಿತ್ತು ಎಂಬ ಆಕೆಯ ಮಾತನ್ನು ಊರಲ್ಲಿ ಯಾರೂ ನಂಬಲಿಲ್ಲ.

ಮರುವರ್ಷ ಆಕೆ ಮತ್ತೆ ಅಳಲೆಕಾಯಿ ಕುದಿಸಿ ದಾರ ಹೊಸೆದಳು. ಒಯ್ಯಲು ಯಾರೂ ಬರಲಿಲ್ಲ. ಆಕೆ ಹೊಸೆದ ದಾರ ಆಮೇಲೆ ಉಳಿದದ್ದು ಒಂದೇ ಕೊರಳಲ್ಲಿ, ವಿಶ್ವನಾಥಪ್ಪನ ಕೊರಳಲ್ಲಿ.