ಓಣಿಯ ತಿರುವಿನ ದನಿ

ನನ್ನ ತಮ್ಮ ಮನೆಗೆ ಬರುವಾಗ ಹಾರ್ನ್ ಹೊಡೆಯುತ್ತಿರಲಿಲ್ಲ. ಬೆಟಗೇರಿಯ ನಮ್ಮ ಓಣಿಯ ತಿರುವು ಬಂದೊಡನೆ ಗಾಡಿಯ ಟೇಪಿನಲ್ಲಿ ಒಂದು ಹಾಡನ್ನು ಮೊದಲಿನಿಂದ ಹಚ್ಚುತ್ತಿದ್ದ. ಹಾಡು ಎನ್ನುವುದು ಅವನ ಮಾತು, ಅದರಲ್ಲಿ ಹಾಡುವವರೇ ಇರಲಿಲ್ಲ. ಎಲ್ಲವೂ ಸಿಂಥಸೈಜರ್‌ನದು. ಶುರುವಿಗೆ ಒಂದೇ ಒಂದು ಉದ್ದನೆಯ ದನಿ, ಆಮೇಲೆ ಧಡಧಡ. ಆ ಧಡಧಡ ಶುರುವಾಗುವ ಮೊದಲೇ ಗಾಡಿ ಮನೆಯ ಮುಂದೆ ನಿಂತು ಬಂದ್ ಆಗುತ್ತಿತ್ತು. ಹೀಗಾಗಿ ನಮ್ಮ ಪಾಲಿಗೆ ಹಾಡೆಂದರೆ ಆ ಒಂದು ದನಿ ಅಷ್ಟೇ. ಅದು ಕೇಳಿದ ಕೂಡಲೇ ಅವನ ಹೆಂಡತಿ ಒಲೆಯ ಮೇಲೆ ಚಹಾಕ್ಕೆ ಇಡುತ್ತಿದ್ದಳು. ಪಾನಕದಂಥ ಚಹಾ ಬೇಕಿತ್ತು ಅವನಿಗೆ. ನನಗೆ ಸಕ್ಕರೆ ಕಾಯಿಲೆ. ಪ್ರಸಾದದ ಪೇಢೆಯನ್ನೂ ನನ್ನ ಹೆಂಡತಿ ಕೈಯಿಂದ ಕಸಿದುಕೊಳ್ಳುತ್ತಾಳೆ.

ಕುರ್ತಕೋಟಿಯ ಮೆಣಸಿನಕಾಯಿ, ಮುಂಡರಗಿ ಕಡೆಯ ಉಳ್ಳಾಗಡ್ಡಿ, ಹೀಗೆ ಅವನು ಗದಗಿನ ಪೇಟೆಗೆ ಹೇರಿ ತರದ ಮಾಲಿರಲಿಲ್ಲ. ಹೋದ ವರ್ಷ ಲಕ್ಷ್ಮೇಶ್ವರದಲ್ಲಿ ಮಾಲು ಇಳಿಸುವಾಗ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ನಾನು ಎತ್ತಿ ಆಡಿಸಿದ ತಮ್ಮ. ಗಾಡಿ ಮಾರಿದೆವು. ಆ ಹಾಡು ಇದ್ದ ಪೆನ್‌ಡ್ರೈವ್ ಅದರಲ್ಲೇ ಹೋಯಿತು. ಅದನ್ನು ಮರಳಿ ಕೇಳಲು ಹೋದಾಗ, ಗಾಡಿ ಕೊಂಡವನು ಹಾಡು ಅಳಿಸಿ ಸಿನಿಮಾ ಹಾಡು ತುಂಬಿಕೊಂಡಿದ್ದ. ಹಾಡಿನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದೆವು. ಅಂಥವು ರಾಶಿ ರಾಶಿ ಸಿಕ್ಕವು, ಅದೊಂದು ಸಿಗಲಿಲ್ಲ.

ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ಕೂಡುವುದಿಲ್ಲ, ನೇರವಾಗಿ ಮಾತಾಡುವುದೂ ಇಲ್ಲ. ಏನಿದ್ದರೂ ನನ್ನ ಹೆಂಡತಿಯ ಬಾಯಿಂದ ಬರಬೇಕು. ಒಂದು ದಿನ ಹಾಗೇ ಬಂತು.

“ಆಕಿಗೆ ಆ ದನಿ ಮರ್ತು ಹೊಂಟೈತಂತ್ರಿ. ಅವರ ಮಾರಿ ಫೋಟೋದಾಗ ಕಾಣತೈತಿ, ದನಿ ಎಲ್ಲಿ ಹುಡುಕ್ಲಿ ಅಂತ ಅಳಾಕತ್ತಾಳ. ನೀವು ಪೇಟಿ ಕೆಲಸದವರು, ಅದೊಂದು ದನಿ ಮಾಡಿಕೊಡಾಕ ಆಗೂದಿಲ್ಲೇನು?”

ನಾನು ಹಾರ್ಮೋನಿಯಂ ರಿಪೇರಿ ಮಾಡುವವನು. ಶಿರಹಟ್ಟಿ, ಬಾಳೆಹೊಸೂರಿನ ಭಜನೆಯವರ ಪೇಟಿಗಳೂ ನನ್ನ ಅಂಗಡಿಗೇ ಬರುತ್ತವೆ. ಸಿಂಥಸೈಜರ್ ಎಂದರೆ ನಾನು ಮೂಗು ಮುರಿಯುವವನು. ಆದರೂ ಆಗುವುದಿಲ್ಲ ಎನ್ನಲು ನಾಲಗೆ ಏಳಲಿಲ್ಲ. ನನ್ನೊಳಗೂ ಅದೇ ಭಯವಿತ್ತು. ಆ ದನಿ ನಮ್ಮ ಮನೆಯವರ ಕಿವಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಅಲ್ಲಿಂದಲೂ ಹೋಗಿಬಿಟ್ಟರೆ ತಮ್ಮನನ್ನು ಇನ್ನೊಮ್ಮೆ ಕಳೆದುಕೊಂಡಂತೆ.

ಗದಗಿನ ಆರ್ಕೆಸ್ಟ್ರಾದವರೊಬ್ಬರು ತಮ್ಮ ಹಳೆಯ ಸಿಂಥಸೈಜರ್ ಕೊಟ್ಟರು. ಅದರ ಮೈತುಂಬ ತಿರುಗಿಸುವ ಗುಂಡಿಗಳು. ಒಳಗೆ ದನಿ ಹುಟ್ಟುವ ಜಾಗ ಎರಡು, ಒಂದೊಂದಕ್ಕೂ ಬೇರೆ ಗುಂಡಿ. ಇಷ್ಟು ನನಗೆ ಬೇಗ ತಿಳಿಯಿತು. ನಮ್ಮ ಪೇಟಿಯಲ್ಲೂ ಒಂದು ಸ್ವರ ಒತ್ತಿದರೆ ಎರಡು ರೀಡುಗಳು, ಎಂದರೆ ಹಿತ್ತಾಳೆಯ ಪುಟ್ಟ ನಾಲಗೆಗಳು, ಕೂಡಿ ನುಡಿಯುತ್ತವೆ. ಇನ್ನೊಂದು ಗುಂಡಿ ದನಿಯ ಬಾಯಿ ತೆರೆಯುವುದಕ್ಕೆ. ನಿಧಾನವಾಗಿ ತಿರುಗಿಸಿದರೆ ಮುಚ್ಚಿದ ಕೋಣೆಯಲ್ಲಿದ್ದ ದನಿ ಮೆಲ್ಲಗೆ ಅಂಗಳಕ್ಕೆ ಬಂದಂತಾಗುತ್ತಿತ್ತು.

ಸಂಜೆ ಪಡಸಾಲೆಯಲ್ಲಿ ಕೂತು ನುಡಿಸಿದೆ. ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲ ಹಿಂದೆ ಕೇಳುತ್ತಿದ್ದಳು. ನಡುವೆ ನನ್ನ ಹೆಂಡತಿ.

“ಅಲ್ಲಂತ್ರಿ.”

ಮರುದಿನ ಗಡಸು ಮಾಡಿದೆ. ಅದೂ ಅಲ್ಲವಂತೆ. ಮತ್ತೊಂದು ಸಂಜೆ ಮೆತ್ತಗೆ ಮಾಡಿದೆ. ಅದೂ ಅಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

“ಏನ್ ಅಲ್ಲ? ಯಾವುದು ಅಲ್ಲ? ಬಿಡಿಸಿ ಹೇಳಂತ ಹೇಳ ಆಕಿಗೆ,” ಎಂದು ಹೆಂಡತಿಯ ಮೇಲೆ ರೇಗಿದೆ.

ಒಳಗೆ ಪಿಸುಪಿಸು ನಡೆಯಿತು. ಹೆಂಡತಿ ತಿರುಗಿದಳು.

“ಇದು ಭಾಳ ನೆಟ್ಟಗೈತಂತ್ರಿ. ಸತ್ತಂಗ ಐತಂತ. ಅದು ಅಲಗಾಡತಿತ್ತಂತ.”

ದನಿಯನ್ನು ನೆಟ್ಟಗೆ ಮಾಡುವುದೇ ನನ್ನ ಜನ್ಮದ ಕೆಲಸ. ಜೋಡಿ ರೀಡುಗಳಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ದನಿ ವ್ಹಾಂವ್ ವ್ಹಾಂವ್ ಎಂದು ಅಲೆಯಾಡುತ್ತದೆ. ಆ ಅಲೆ ಅಡಗುವ ತನಕ ರೀಡನ್ನು ಕಾನಸು ಎಂಬ ಅರದಿಂದ ಉಜ್ಜುವುದನ್ನೇ ಅಪ್ಪ ನನಗೆ ಕಲಿಸಿದ್ದು. ಆಗ ನೆನಪಾಯಿತು. ತಮ್ಮ ಮೊದಲ ಸಲ ಈ ಹಾಡು ಹಚ್ಚಿದ ದಿನ ನಾನು ಹೊರಗೆ ಬಂದು ಕೂಗಾಡಿದ್ದೆ, “ಲೇ, ಇದನ್ನ ಮಾಡಿದಾಂವಗ ಕಿವಿ ಇಲ್ಲೇನು? ಎರಡು ರೀಡು ಕೂಡೇ ಇಲ್ಲ!”

ಅವನು ಗಾಡಿಯಿಂದ ಇಳಿಯುತ್ತಾ ನಕ್ಕಿದ್ದ. “ಕೂಡಿದ್ರ ಅದರಾಗ ಏನ್ ಉಳೀತೈತೋ ಅಣ್ಣಾ?”

ಇಷ್ಟು ಸಂಜೆ ನಾನು ಮಾಡಿದ್ದೇನು ಎಂದು ಈಗ ಹೊಳೆಯಿತು. ಗುಂಡಿ ಮುಟ್ಟಿದಾಗಲೆಲ್ಲ ನನ್ನ ಬೆರಳು ತಾನಾಗಿಯೇ ಎರಡೂ ದನಿಗಳನ್ನು ಕೂಡಿಸಿಬಿಡುತ್ತಿತ್ತು. ಅಲೆ ಏಳುವ ಮೊದಲೇ ಅದನ್ನು ಉಜ್ಜಿ ಹಾಕುತ್ತಿದ್ದೆ. ಹಾಗೆ ಮಾಡುತ್ತಿದ್ದೇನೆ ಎಂಬ ಖಬರೂ ನನಗಿರಲಿಲ್ಲ.

ಎರಡನೆಯ ಗುಂಡಿಯನ್ನು ಒಂದಿಷ್ಟೇ ಕದಲಿಸಿದೆ. ಸರಿಮಾಡು, ಸರಿಮಾಡು ಎಂದು ಕೈ ತುಡಿಯುತ್ತಿತ್ತು. ಹಲ್ಲು ಕಚ್ಚಿ ಹಿಡಿದೆ. ದನಿ ಅಲೆಯಾಡತೊಡಗಿತು. ಬಾಯಿ ತೆರೆಯುವ ಗುಂಡಿಯನ್ನು ನಿಧಾನವಾಗಿ ತಿರುಗಿಸಿದೆ. ಓಣಿಯ ತಿರುವಿನಲ್ಲಿ ಗಾಡಿ ಹೊರಳಿದಂತಾಯಿತು. ತಮ್ಮ ಹೋದ ದಿನ ಹೆಣದ ಮುಂದೆ ನಿಂತು ಊರವರಿಗೆಲ್ಲ ಧೈರ್ಯ ಹೇಳಿದವನು ನಾನು. ಈಗ ಸ್ವರ ಒತ್ತಿ ಹಿಡಿದುಕೊಂಡೇ ಅತ್ತುಬಿಟ್ಟೆ.

ನನ್ನ ಹೆಂಡತಿ ಬಾಗಿಲ ಹಿಂದೆ ಇಣುಕಿದಳು. ಪಾತ್ರೆಗೆ ನೀರು ಸುರಿದ ಸಪ್ಪಳ ಕೇಳಿತು. ಆಮೇಲೆ ಗ್ಯಾಸ್ ಲೈಟರ್ ಟಕ್ ಟಕ್ ಎಂದಿತು.

ಸ್ವಲ್ಪ ಹೊತ್ತಿಗೆ ತಮ್ಮನ ಹೆಂಡತಿ ತಾನೇ ಪಡಸಾಲೆಗೆ ಬಂದಳು. ತಲೆಯ ಮೇಲೆ ಸೆರಗಿತ್ತು. ಕೈಯಲ್ಲಿ ತಮ್ಮನ ಸ್ಟೀಲಿನ ಲೋಟ. ಈ ಮನೆಗೆ ಸೊಸೆಯಾಗಿ ಬಂದಮೇಲೆ ಅವಳು ನನ್ನೊಡನೆ ನೇರವಾಗಿ ಆಡಿದ್ದು ಅದೇ ಮೊದಲ ಮಾತು.

“ಅವರು ಬರೂದಿಲ್ಲಂತ ಗೊತ್ತೈತ್ರಿ ಭಾವಾರ. ಕೈ ಕೇಳಲಿಲ್ರಿ, ಚಹಾಕ್ಕ ಇಟ್ಟಬಿಡ್ತು. ನೀವ ಕುಡೀರಿ.”

ಅವನ ಪಾಲಿನ ಸಕ್ಕರೆಯೆಲ್ಲ ಅದರಲ್ಲಿತ್ತು. ಲೋಟ ಬರಿದಾಗುವ ತನಕ ಕುಡಿದೆ. ನನ್ನ ಹೆಂಡತಿ ಎದುರಿಗೇ ನಿಂತಿದ್ದಳು, ಬೇಡ ಎನ್ನಲಿಲ್ಲ.