ಕ್ಲೋತಿಲ್ಡಳ ಗುರುವಾರದ ಹಂಡೆ

ಕ್ಲೋತಿಲ್ಡಾ ಪಾಪುಲಸ್ ಒಳ್ಳೆಯ ಹೆಂಗಸು ಎಂದು ನ್ಯೂ ಆರ್ಲಿಯನ್ಸಿನಲ್ಲಿ ಯಾರೂ ಯಾವತ್ತೂ ಹೇಳಿದ್ದಿಲ್ಲ. ಹಾಗೆ ಹೇಳಲು ಹೋದವರನ್ನು ಅವಳೇ ಬಾಗಿಲಾಚೆ ಅಟ್ಟುತ್ತಿದ್ದಳು. ಅರವತ್ತೈದು ವರ್ಷ, ಬಡಕಲು ಮೈ, ಮೊಣಕೈವರೆಗೂ ಎಣ್ಣೆ ಸಿಡಿದ ಕಲೆ, ಮೂಗಿನ ತುದಿಯಲ್ಲಿ ಕೋಪ. ಹಳೇ ಪೇಟೆಯ ‘ಬಾವಿಯಂಗಳ’ ಹೋಟೆಲಿನ ಅಡುಗೆಮನೆಯಲ್ಲಿ ಐವತ್ಮೂರು ವರ್ಷ ಹಿಟ್ಟನ್ನು ಕೊಬ್ಬಿನಲ್ಲಿ ಹುರಿದು ಕಂದು ಬಣ್ಣಕ್ಕೆ ತಂದವಳು ಅವಳು. ಆ ಹುರಿದ ಹಿಟ್ಟಿಗೆ ರೂ ಎನ್ನುತ್ತಾರೆ. ಅದು ಸೀದರೆ ಗಂಬೋ ಸಾರು ಹಾಳು, ಹಸಿ ಉಳಿದರೂ ಹಾಳು. ಅವಳು ರೂ ಕಲಕುವಾಗ ಪಕ್ಕದಲ್ಲಿ ಕೆಮ್ಮಿದವನಿಗೂ ಬೈಗುಳ ಬೀಳುತ್ತಿತ್ತು.

ಆ ಹೋಟೆಲಿಗೆ ಒಂದು ಕಥೆಯಿತ್ತು. ಕಥೆಯಿಲ್ಲದ ಅಂಗಳಕ್ಕೆ ಊರ ಹೊರಗಿನವರು ಯಾಕೆ ಬಂದಾರು? ಬಿಳಿ ಕೋಟಿನ ಮಾಣಿಗಳು ಬಾವಿಕಟ್ಟೆಯ ಪಕ್ಕ ನಿಂತು, ಗಂಟಲು ಸರಿಮಾಡಿಕೊಂಡು ಅದನ್ನು ಒಪ್ಪಿಸುತ್ತಿದ್ದರು. ಹಳದಿ ಜ್ವರದ ವರ್ಷ ಊರೆಲ್ಲ ಹೆಣ ಬೀಳುತ್ತಿದ್ದಾಗ, ಈ ಮನೆಯ ಒಡತಿ ಮದಾಮ್ ಅಝೇಲಿ ಲವೇರ್ನ್ ಇದೇ ಬಾವಿಯ ನೀರಿನಲ್ಲಿ ಸೊಪ್ಪಿನ ಗಂಬೋ ಬೇಯಿಸಿ, ತನ್ನ ಕೈಯಾರೆ ಊರಿಗೆ ಬಡಿಸಿದಳಂತೆ. ನಲವತ್ತು ದಿನ ಹಂಡೆಯ ತಳ ಕಾಣಲಿಲ್ಲವಂತೆ. ಈಗಲೂ ಅವಳ ರೇಷ್ಮೆ ಲಂಗದ ಸದ್ದು ಬಾಳೆಗಿಡಗಳ ಹಿಂದೆ ಕೇಳುತ್ತದಂತೆ. ಗಿರಾಕಿಗಳು ಚಮಚ ಕೆಳಗಿಟ್ಟು ಬಾಯಿ ತೆರೆದುಕೊಂಡು ಕೇಳುತ್ತಿದ್ದರು.

“ಕೈಯಾರೆಯಂತೆ, ಕೈಯಾರೆ!” ಎಂದು ಕ್ಲೋತಿಲ್ಡಾ ಒಳಗಿನಿಂದಲೇ ಕೂಗುತ್ತಿದ್ದಳು. “ಅವಳ ಕೈ ಕರ್ಪೂರದ ಕರ್ಚೀಫ್ ಬಿಟ್ಟು ಬೇರೇನೂ ಮುಟ್ಟಿಲ್ಲ. ಮಹಡಿ ಮೇಲೆ ಜ್ವರಕ್ಕೆ ಹೆದರಿ ಕಿಟಕಿ ಜಡ್ಕೊಂಡು ಕೂತಿದ್ಳು. ಸೌಟು ಹಿಡಿದೋಳು ನಮ್ಮಜ್ಜಿ!”

ಒಮ್ಮೆ ಒಬ್ಬ ಶ್ರೀಮಂತ ಹೆಂಗಸು ಅಡುಗೆಮನೆಗೇ ಬಂದು, “ಇಲ್ಲಿ ನಿಜವಾಗ್ಲೂ ದೆವ್ವ ಇದೆಯಾ?” ಎಂದು ಕೇಳಿದಳು. “ಇದೆ. ಅಡುಗೆಮನೆ ಒಳಗೆ ಕಾಲಿಟ್ಟೋರ ಹೊಟ್ಟೆ ಸೇರ್ಕೊಳ್ಳುತ್ತೆ” ಎಂದಳು ಕ್ಲೋತಿಲ್ಡಾ. ಆ ಹೆಂಗಸು ಊಟ ಮುಗಿಸದೆ ಹೊರಟುಹೋದಳು.

ಕ್ಲೋತಿಲ್ಡಳ ಅಜ್ಜಿಯ ಹೆಸರು ಮಾರಿ ನೋಯಲ್. ಜ್ವರದ ವರ್ಷ ಅಂಗಳದಲ್ಲಿ ಬಡಿಸಿದ್ದು ಲವೇರ್ನರ ನೆಂಟರಿಷ್ಟರಿಗೆ ಮಾತ್ರ. ಅದು ಮುಗಿದ ಮೇಲೆ ಮಾರಿ ನೋಯಲ್ ಹಂಡೆಯನ್ನು ಹಿಂದಿನ ಓಣಿಯ ಗೇಟಿಗೆ ಎಳೆದುಕೊಂಡು ಹೋಗಿ, ತನ್ನ ಕೇರಿಯ ಕಪ್ಪು ಜನ ತಂದ ತಂಬಿಗೆ, ಡಬ್ಬಿಗಳಿಗೆ ಸುರಿದಳು. ಅಂದಿನಿಂದ ಪ್ರತಿ ವರ್ಷ ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ, ಮಧ್ಯಾಹ್ನ ಮೂರಕ್ಕೆ, ಕೇರಿಯ ಹೆಂಗಸರ ಸಹಾಯ ಸಂಘದವರು ಡಬ್ಬಿ ಹಿಡಿದು ಆ ಗೇಟಿಗೆ ಬರುತ್ತಿದ್ದರು. ಮರುದಿನ ಶುಭ ಶುಕ್ರವಾರದ ಉಪವಾಸ. ಅದಕ್ಕೆ ಮುಂಚೆ ಹೊಟ್ಟೆಗೆ ಬೀಳುವ ಕೊನೆಯ ಬಿಸಿ ಊಟ ಇದೇ. ಕಪ್ಪು ಜನರನ್ನು ಹೊರಗಿಡುವ ಕಾನೂನು ಬದಲಾಗಿ, ಹೋಟೆಲಿನ ಮುಂಬಾಗಿಲು ಅವರಿಗೂ ತೆರೆದು ಏಳು ವರ್ಷವಾಗಿತ್ತು. ಆ ಮುದುಕಿಯರು ಅತ್ತ ತಿರುಗಿಯೂ ನೋಡಲಿಲ್ಲ. “ಇಷ್ಟು ವರ್ಷ ಬೇಡವಾಗಿದ್ದ ನಮ್ಮ ಕಾಲು ಈಗ ಯಾಕೆ ಬೇಕಾಯ್ತಂತೆ?” ಎಂದು ಹಿಂದಿನ ಗೇಟಿಗೇ ಬರುತ್ತಿದ್ದರು.

ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವಳು ಯೂಫ್ರಸೀನ್ ಬಾರ್ತೆ, ಎಂಬತ್ತನಾಲ್ಕರ ಮುದುಕಿ. ಜ್ಞಾನಸ್ನಾನದ ದಿನ ಹಸುಗೂಸು ಕ್ಲೋತಿಲ್ಡಳನ್ನು ಚರ್ಚಿನಲ್ಲಿ ಎತ್ತಿ ಹಿಡಿದ ಧರ್ಮತಾಯಿ, ನಮ್ಮ ಕೇರಿಯ ಮಾತಿನಲ್ಲಿ ನನೆನ್. ಕ್ಲೋತಿಲ್ಡಳ ನಾಲಿಗೆ ಅಂಜುತ್ತಿದ್ದುದು ಅವಳೊಬ್ಬಳಿಗೆ. ನನೆನ್ ಗೇಟಿನಲ್ಲೇ ಒಂದು ಚಮಚ ರುಚಿ ನೋಡಿ, ಮಾತಾಡದೆ ಡಬ್ಬಿ ಮುಚ್ಚಿ ನಡೆದುಬಿಡುತ್ತಿದ್ದಳು. ಆ ಮೌನವೇ ಶಹಭಾಸ್. ಅದಕ್ಕಾಗಿ ಕ್ಲೋತಿಲ್ಡಾ ಇಡೀ ವರ್ಷ ಕಾಯುತ್ತಿದ್ದಳು, ಬಾಯಿಬಿಟ್ಟು ಯಾರಿಗೂ ಹೇಳದಿದ್ದರೂ. ಗಂಡ ಆಲ್ಸೀದ್ ಬ್ಯಾಂಡಿನಲ್ಲಿ ಕೊಂಬು ಊದುತ್ತಾ ಷಿಕಾಗೋ ಸೇರಿದ್ದ; ಅವನು ಹೋಗುವ ಮುಂಚೆ ಅವನ ಪೆಟ್ಟಿಗೆಯನ್ನು ಬೀದಿಗೆ ಎಸೆದದ್ದು ಇವಳೇ. ಮಕ್ಕಳಿಲ್ಲ. ಇದ್ದದ್ದು ಆ ಹಂಡೆಯೊಂದೇ.

ಹಂಡೆಗೆ ಒಂಬತ್ತು ಸೊಪ್ಪು ಬೀಳಬೇಕು. ಸಾಸಿವೆ, ಟರ್ನಿಪ್, ಬೀಟ್, ಗಜ್ಜರಿ, ಎಲೆಕೋಸು, ಪಾಲಕ್, ಹೀಗೆ ಒಂಬತ್ತು. ಏಳಾದರೂ ಸರಿ, ಹನ್ನೊಂದಾದರೂ ಸರಿ, ಸರಿಸಂಖ್ಯೆ ಮಾತ್ರ ಕೂಡದು. ಹಾಕಿದ ಒಂದೊಂದು ಸೊಪ್ಪಿಗೆ ವರ್ಷದೊಳಗೆ ಒಬ್ಬೊಬ್ಬ ಹೊಸ ಸ್ನೇಹಿತ ಸಿಗುತ್ತಾನೆಂದು ನಂಬಿಕೆ. ಕ್ಲೋತಿಲ್ಡಳಿಗೆ ಇಷ್ಟು ವರ್ಷದಲ್ಲಿ ಒಬ್ಬನೂ ಸಿಕ್ಕಿರಲಿಲ್ಲ. “ಸೊಪ್ಪಿನ ತಪ್ಪಲ್ಲ, ಬಿಡಿ” ಎನ್ನುತ್ತಿದ್ದಳು. ಸೊಪ್ಪು ಬೇಯಿಸಿ, ರುಬ್ಬಿ, ರೂ ಕೂಡಿಸಿ, ಹಂದಿಮಾಂಸದ ಹ್ಯಾಮು, ಖಾರದ ಸಾಸೇಜು ಹಾಕಿ ಕುದಿಸಿ, ಬೆಂಕಿ ಆರಿಸಿ, ಕುದಿ ಪೂರ್ತಿ ನಿಂತ ಮೇಲೆ ಫೀಲೇ ಉದುರಿಸಬೇಕು. ಕಾಡುಮರದ ಒಣಗಿದ ಎಲೆಯ ಪುಡಿ ಅದು. ಕುದಿಯುವಾಗ ಬಿದ್ದರೆ ಮುಗಿಯಿತು, ಸಾರೆಲ್ಲ ಲೋಳೆಯಾಗಿ ಸೌಟಿಗೆ ಎಳೆ ಎಳೆಯಾಗಿ ಜೋತುಬೀಳುತ್ತದೆ.

ಆ ವರ್ಷ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸದ ಕಾಲ ಶುರುವಾಗುತ್ತಿದ್ದಂತೆ ಮಾಲೀಕ ಮುಸ್ಯೂ ಲವೇರ್ನ್ ಒಬ್ಬ ಹೊಸ ಬಾಣಸಿಗನನ್ನು ಕರೆತಂದ. ಟೆರೆನ್ಸ್ ಕ್ವಿಗ್ಲಿ, ಮೂವತ್ತೈದರ ಬಿಳಿಯ, ಅಡುಗೆ ಶಾಲೆಯಲ್ಲಿ ಓದಿದವನು, ಎದೆಯ ಮೇಲೆ ಹೆಸರು ಹೊಲಿಸಿಕೊಂಡ ಅಂಗಿ.

“ಕ್ಲೋತಿಲ್ಡಾ, ಗುರುವಾರದ ಗಂಬೋ ಹೇಗೆ ಅಂತ ಇವರಿಗೆ ಬರೆಸಿಬಿಡು. ಮದಾಮ್ ಅಝೇಲಿಯ ಪಾಕ ಅಂತ ಮೆನು ಪುಸ್ತಕದಲ್ಲಿ ಅಚ್ಚು ಹಾಕಿಸ್ತೀನಿ” ಎಂದ ಲವೇರ್ನ್.

“ಅಝೇಲಿಯ ಪಾಕ ತಾನೆ? ಹಾಗಾದ್ರೆ ಅವಳನ್ನೇ ಕೇಳಿ. ಬಾಳೆಗಿಡದ ಹಿಂದೆ ಓಡಾಡ್ತಾಳಂತಲ್ಲ.”

ಲವೇರ್ನನ ಕಿವಿ ಕೆಂಪಾಯಿತು. “ನಿನ್ನ ಕೊಂಕು ಸಾಕು. ಈ ಸಲದ ಹಂಡೆ ಕ್ವಿಗ್ಲಿ ಮಾಡ್ತಾರೆ. ಅವರದ್ದು ಚೆನ್ನಾಗಿ ಬಂದ್ರೆ ಇನ್ನು ಮುಂದೆ ಅದು ಅವರದ್ದೇ. ನೀನು ಪಕ್ಕದಲ್ಲಿ ನಿಂತು ನೋಡು.”

“ನೋಡ್ತೀನಿ” ಎಂದಳು ಕ್ಲೋತಿಲ್ಡಾ. ಉಗಿಯಬೇಕೆನಿಸಿದ ಉಗುಳನ್ನು ನುಂಗಿಕೊಂಡಳು.

ಆಮೇಲೆ ಅವಳು ಯೋಚಿಸಿದ್ದು ಒಂದೇ. ಇವನು ಕೆಡಿಸುತ್ತಾನೆ. ಅಂಗಳದ ಗಿರಾಕಿಗಳು ಮುಖ ಸಿಂಡರಿಸಿ ತಟ್ಟೆ ತಳ್ಳುತ್ತಾರೆ. ಲವೇರ್ನ್ ಬೆವರು ಒರೆಸಿಕೊಂಡು ತನ್ನ ಕಾಲಬುಡಕ್ಕೆ ಓಡಿಬರುತ್ತಾನೆ. ಆಗ ಅಷ್ಟು ಜನರ ಎದುರು ‘ಇದು ಮಾರಿ ನೋಯಲಳ ಹಂಡೆ’ ಎಂದು ಅವನ ಬಾಯಿಂದಲೇ ಹೇಳಿಸಿ, ಆಮೇಲೆ ಸೌಟು ಮುಟ್ಟುವುದು. ಅದಕ್ಕೆಂದೇ ಗುರುವಾರ ಬೆಳಗಿನ ಜಾವ ಮಾರುಕಟ್ಟೆಯಿಂದ ತಾನೂ ಒಂಬತ್ತು ಸೊಪ್ಪು ತಂದು, ತೊಳೆದು, ಒದ್ದೆ ಗೋಣಿಯ ಕೆಳಗೆ ಬಚ್ಚಿಟ್ಟಳು.

ಕ್ವಿಗ್ಲಿ ಮೊದಲು ಅವಳಿಗೆ ನಿರಾಸೆ ಮಾಡಿದ. ಸೊಪ್ಪನ್ನು ಮೂರು ನೀರಿನಲ್ಲಿ ಜಾಲಿಸಿದ. ಒಂದು ಕಾಳು ಮರಳು ಉಳಿಯಲಿಲ್ಲ. ಒಂಬತ್ತೇ ಹಾಕಿದ. ರೂ ಸೀಯಲಿಲ್ಲ. ಕ್ಲೋತಿಲ್ಡಾ ಸ್ಟೂಲಿನ ಮೇಲೆ ಕೂತು, ಚಿಕೋರಿ ಕಾಫಿ ಕುಡಿಯುತ್ತಾ, ಅವನ ಒಂದೊಂದು ಸರಿಯಾದ ಕೆಲಸಕ್ಕೂ ಹೊಟ್ಟೆ ಉರಿಸಿಕೊಂಡಳು. ಹನ್ನೊಂದೂವರೆಗೆ ಹಂಡೆ ಕೊತಕೊತ ಕುದಿಯುತ್ತಿದ್ದಾಗ ಅವನು ಫೀಲೇ ಡಬ್ಬಿ ಕೈಗೆತ್ತಿಕೊಂಡು ಅವಳತ್ತ ತಿರುಗಿದ.

“ಮಿಸ್ ಕ್ಲೋತಿಲ್ಡಾ, ಇದನ್ನ ಈಗ್ಲೇ ಹಾಕೋದಾ?”

ನಿಜವಾಗಿ ಕೇಳಿದ. ಮೆತ್ತಗೆ, ಮರ್ಯಾದೆಯಿಂದ ಕೇಳಿದ. ಒಂದು ಮಾತು ಸಾಕಿತ್ತು.

“ಯಾಕೆ, ನಿಮ್ಮ ಶಾಲೇಲಿ ಹೇಳ್ಕೊಟ್ಟಿಲ್ವಾ?” ಎಂದಳು ಕ್ಲೋತಿಲ್ಡಾ.

ಅವನ ಮುಖ ಬಿಗಿಯಿತು. ಡಬ್ಬಿ ಬಗ್ಗಿಸಿ ಮೂರು ಹಿಡಿ ಸುರಿದ. ಹಂಡೆ ಕುದಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಸೌಟಿನಿಂದ ಮೊದಲ ಎಳೆ ಇಳಿಯಿತು. ಅದನ್ನು ಕಂಡು ಕ್ಲೋತಿಲ್ಡಳಿಗೆ ಎಷ್ಟೋ ವರ್ಷದಿಂದ ಇಲ್ಲದ ಖುಷಿಯಾಯಿತು. ಕೆಟ್ಟ ಖುಷಿ, ಅದು ಅವಳಿಗೂ ಗೊತ್ತಿತ್ತು, ಆದರೂ ಖುಷಿಯೇ.

ಹನ್ನೆರಡಕ್ಕೆ ಅಂಗಳ ತುಂಬಿತು. ಅವಳು ಏಪ್ರನ್ ಬಿಗಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮೊದಲ ಮೇಜಿನ ದಪ್ಪ ಮನುಷ್ಯ ಚಮಚ ಎತ್ತಿದ. ಬೋಗುಣಿಯಿಂದ ಬಾಯಿವರೆಗೂ ಹಸಿರು ದಾರ ಎಳೆದುಕೊಂಡು ಬಂತು. ಅವನು ಬೆಚ್ಚಿ ಹೆಂಡತಿಯ ಮುಖ ನೋಡಿದ.

“ಇದೇನಪ್ಪಾ, ಎಳೆ ಎಳೆಯಾಗಿದೆ?” ಎಂದ ಅವನು.

ಮಾಣಿ ರಾವುಲ್, ಬಾಯಿ ತೆರೆದರೆ ಸುಳ್ಳು ಹೇಳುವವನು, ಕಣ್ಣೂ ಮಿಟುಕಿಸದೆ ಹೇಳಿದ: “ಅದೇ ಗುಟ್ಟು, ಸರ್. ಮದಾಮ್ ಅಝೇಲಿ ಎಳೆ ಬರೋ ತನಕ ಹಂಡೆ ಇಳಿಸ್ತಿರ್ಲಿಲ್ಲ. ಜ್ವರದೋರ ಪ್ರಾಣ ಹಿಡ್ಕೊಂಡಿದ್ದು ಈ ದಾರವೇ ಅಂತಾರೆ.”

“ಅಯ್ಯೋ, ಎಷ್ಟು ಚೆಂದ!” ಎಂದಳು ಅವನ ಹೆಂಡತಿ.

ಮುಗಿಯಿತು. ಒಂದು ಮೇಜಿನಿಂದ ಇನ್ನೊಂದಕ್ಕೆ ಆ ಸುಳ್ಳು ಓಡಿತು. ಜನ ಚಮಚ ಎತ್ತೆತ್ತಿ ಯಾರ ಎಳೆ ಉದ್ದ ಎಂದು ನೋಡಿಕೊಂಡರು, ಎರಡನೇ ಸಲ ಹಾಕಿಸಿಕೊಂಡರು. ಲವೇರ್ನ್ ಕ್ವಿಗ್ಲಿಯ ಭುಜ ತಟ್ಟಿದ. ತಟ್ಟುತ್ತಾ ಕ್ಲೋತಿಲ್ಡಳ ಕಡೆ ನೋಡಿ ನಕ್ಕ. ಅಝೇಲಿ ಸತ್ತೂ ಗೆದ್ದಳು. ಈ ಊರಿನಲ್ಲಿ ಎಂಜಲು ಲೋಳೆಗೂ ಒಂದು ದಂತಕಥೆ ಅಂಟಿಸಿ ಬಡಿಸಬಹುದು, ನಾಲಿಗೆ ಸತ್ತ ಜನ ಚಪ್ಪರಿಸಿ ತಿನ್ನುತ್ತಾರೆ.

ಕ್ಲೋತಿಲ್ಡಾ ಬಾಗಿಲಿಗೆ ಒರಗಿ ಕುದಿಯುತ್ತಾ ಎಷ್ಟು ಹೊತ್ತು ನಿಂತಳೋ. ಹಿಂದಿನ ಗೇಟಿನ ಚಿಲಕ ಅಲುಗಾಡಿದ ಸದ್ದು ಕೇಳಿದಾಗಲೇ ಅವಳು ಗಡಿಯಾರ ನೋಡಿದ್ದು. ಮೂರು ಗಂಟೆ. ಹದಿನೆಂಟು ಡಬ್ಬಿಗಳು. ಗೋಣಿಯ ಕೆಳಗಿನ ಸೊಪ್ಪು ಹಸಿಯಾಗಿಯೇ ಇತ್ತು; ಅದು ಬೇಯಲು ಮೂರು ತಾಸು ಬೇಕು, ಸಂಜೆಯ ಪೂಜೆಗೆ ಆ ಮುದುಕಿಯರು ಚರ್ಚಿನಲ್ಲಿರಬೇಕು.

ಕ್ವಿಗ್ಲಿ ಹಂಡೆಯನ್ನು ಗೇಟಿಗೆ ತಳ್ಳಿ ತಂದ. “ನಾನು ಹಾಕ್ಲಾ?” ಎಂದ. ಅವಳು ಅವನ ಕೈಯಿಂದ ಸೌಟು ಕಿತ್ತುಕೊಂಡಳು.

ನನೆನ್ ಡಬ್ಬಿ ಒಡ್ಡಿದಳು. ಸೌಟಿನಿಂದ ಡಬ್ಬಿಗೆ ಎಳೆ ಇಳಿಯುವುದನ್ನು ಹಿಂದಿದ್ದ ಹೆಂಗಸರೆಲ್ಲ ನೋಡಿದರು. ನನೆನ್ ಕೈಚೀಲದಿಂದ ಚಮಚ ತೆಗೆದು ಬಾಯಿಗಿಟ್ಟಳು.

“ಏನೇ ಕ್ಲೋ, ಕೈ ಬಿದ್ದೋಯ್ತಾ ನಿಂದು?”

“ನಾನ್ ಮಾಡಿದ್ದಲ್ಲ ನನೆನ್! ಈ ಹೊಸಬ ಮಾಡಿದ್ದು. ಕುದಿಯೋವಾಗ ಫೀಲೇ ಸುರಿದ, ಮುಟ್ಠಾಳ.”

“ನೀನೆಲ್ಲಿದ್ದೆ?”

“ಪಕ್ಕದಲ್ಲೇ.”

“ಅವನು ನಿನ್ನನ್ನ ಕೇಳ್ಲಿಲ್ವಾ?”

ಕ್ವಿಗ್ಲಿ ಎರಡು ಹೆಜ್ಜೆ ಹಿಂದೆಯೇ ನಿಂತಿದ್ದ. ಸುಳ್ಳು ಹೇಳಲು ಸಾಧ್ಯವಿರಲಿಲ್ಲ.

“ಕೇಳ್ದ” ಎಂದಳು ಕ್ಲೋತಿಲ್ಡಾ. “ನಾನು ಹೇಳ್ಲಿಲ್ಲ. ಆ ಲವೇರ್ನನ ಸೊಕ್ಕು ಮುರೀಲಿ ಅಂತ, ಅಂಗಳದೋರು ಉಗೀಲಿ ಅಂತ...”

“ಅಂಗಳದೋರು!” ಎಂದಳು ನನೆನ್. ಅವಳ ದನಿ ಏರಲಿಲ್ಲ. “ನಿಮ್ಮಜ್ಜಿ ಅಂಗಳದೋರಿಗೋಸ್ಕರ ಒಂದಿನಾನೂ ಒಲೆ ಹಚ್ಚಿದೋಳಲ್ಲ ಕಣೇ. ಅವಳು ಬೇಯಿಸ್ತಿದ್ದಿದ್ದು ಈ ಗೇಟಿಗೆ. ಬೆಳಗಿಂದ ಒಂದ್ಸಲನಾದ್ರೂ ನಾವು ಬರ್ತೀವಿ ಅಂತ ನೆನಪಾಯ್ತಾ ನಿಂಗೆ? ನಿಜ ಹೇಳು.”

ಕ್ಲೋತಿಲ್ಡಾ ಸೌಟಿನ ಎಳೆಯನ್ನು ಹಂಡೆಯ ಅಂಚಿಗೆ ಒರೆಸಿದಳು. ಲವೇರ್ನ್ ನೆನಪಾಗಿದ್ದ, ಅಝೇಲಿ ನೆನಪಾಗಿದ್ದಳು, ಅಂಗಳದ ಒಂದೊಂದು ಮೇಜೂ ನೆನಪಾಗಿತ್ತು. ಈ ಗೇಟು ಮಾತ್ರ ನೆನಪಾಗಿರಲಿಲ್ಲ.

ನನೆನ್ ಡಬ್ಬಿಯನ್ನು ಮುಚ್ಚಿದಳು. ಪವಿತ್ರ ಗುರುವಾರದ ಅನ್ನವನ್ನು ನಮ್ಮವರು ಚೆಲ್ಲುವುದಿಲ್ಲ. ಲೋಳೆಯಾದರೂ ಅದನ್ನೇ ತಿಂದು ನಾಳೆಯ ಉಪವಾಸ ಹಿಡಿಯಬೇಕು. ಆಮೇಲೆ ಅವಳು ತಲೆ ಬಗ್ಗಿಸಿ, ಅಪರಿಚಿತರ ಮನೆಯ ಮುಂದೆ ನಿಂತವಳ ಹಾಗೆ ಹೇಳಿದಳು:

“ಉಪಕಾರವಾಯ್ತು, ಮದಾಮ್.”

ಆ ಗೇಟಿನಲ್ಲಿ ಯಾರೂ ಯಾರಿಗೂ ಉಪಕಾರ ಹೇಳಿದ್ದೇ ಇಲ್ಲ. ತಮ್ಮವರಿಗೆ ಯಾರು ಹೇಳುತ್ತಾರೆ? ನನೆನ್ ಕೋಲೂರಿಕೊಂಡು ಓಣಿಯಲ್ಲಿ ನಡೆದಳು. ಎರಡನೆಯವಳು ಮುಂದೆ ಬಂದಳು. ಕ್ಲೋತಿಲ್ಡಳ ಜೊತೆ ಕುಂಟೆಬಿಲ್ಲೆ ಆಡಿದವಳು ಅವಳು. ಡಬ್ಬಿ ಒಡ್ಡಿದಳು, ತುಂಬಿಸಿಕೊಂಡಳು, ಮುಖ ನೋಡದೆ, “ಉಪಕಾರವಾಯ್ತು, ಮದಾಮ್” ಎಂದಳು. ಮೂರನೆಯವಳೂ ಅದನ್ನೇ ಅಂದಳು. ಇನ್ನೂ ಹದಿನೈದು ಡಬ್ಬಿಗಳಿದ್ದವು, ಕ್ಲೋತಿಲ್ಡಾ ಸೌಟು ಕೆಳಗಿಡುವ ಹಾಗಿರಲಿಲ್ಲ.