ಬೋರ್ಡಿನಲ್ಲಿಲ್ಲದ ನಿಲ್ದಾಣಗಳು

ಧಡ್, ಧಡ್. ಬಸ್ಸಿನ ಪಕ್ಕೆಯ ತಗಡಿಗೆ ಅಂಗೈಯಿಂದ ಎರಡು ಏಟು ಬಿದ್ದರೆ ಹೊರಡು, ಒಂದೇ ಬಿದ್ದರೆ ನಿಲ್ಲಿಸು. ಗಂಟೆಯ ಹಗ್ಗ ಹರಿದು ಎಷ್ಟೋ ಕಾಲವಾಗಿತ್ತು. ಅದನ್ನು ಕಟ್ಟಿಸುವ ಗೋಜಿಗೆ ಯಾರೂ ಹೋಗಲಿಲ್ಲ, ಏಕೆಂದರೆ ಈ ಕಂಡಕ್ಟರಮ್ಮನ ಅಂಗೈ ಗಂಟೆಗಿಂತ ಗಟ್ಟಿಯಾಗಿ ಕೇಳುತ್ತಿತ್ತು. ಜನ ಅವಳನ್ನು ತಗಡಕ್ಕ ಎಂದೇ ಕರೆಯುತ್ತಿದ್ದರು.

ದನಿ ಅಪ್ಪನಿಂದ ಬಂದದ್ದು. ಆತ ಬೀದಿ ಬೀದಿ ಅಲೆದು ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುತ್ತಿದ್ದವನು. ಮೂರನೇ ಮಹಡಿಯ ಅಡುಗೆಮನೆಗೂ ಕೇಳುವಂತೆ ಕೂಗುವುದು ಹೇಗೆಂದು ಮಗಳಿಗೆ ಕಲಿಸಿಯೇ ಕಣ್ಣು ಮುಚ್ಚಿದ. ಆ ದನಿಯಲ್ಲಿ ಅವಳು ಈಗ ಬಸ್ಸು ನಡೆಸುತ್ತಿದ್ದಳು. "ಬಾಗ್ಲಲ್ಲಿ ಬೇರು ಬಿಟ್ಟೋರು ಸ್ವಲ್ಪ ಒಳಗೆ ಬನ್ನಿ! ಏನಣ್ಣಾ, ಕಂಬಿ ನಿಮ್ಮ ಅತ್ತೆ ಮಗಳಲ್ಲ, ಹಾಗೆ ತಬ್ಕೋಬೇಡಿ!"

ನಿಲ್ದಾಣಗಳಿಗೂ ಆ ಬಸ್ಸಿನಲ್ಲಿ ಬೇರೆಯೇ ಹೆಸರು. ಬೋರ್ಡಿನ ಮೇಲೆ 'ಉತ್ತರ ವೃತ್ತ' ಎಂದಿದ್ದದ್ದು ಒಳಗಿನವರಿಗೆ ಸತ್ತ ಗಡಿಯಾರ. ಅಲ್ಲಿ ಗಡಿಯಾರದ ಅಂಗಡಿಯೊಂದು ಮುಚ್ಚಿ ಹೋಗಿತ್ತು. ತೊಗಲು ಹದಮಾಡುವ ಕಾರ್ಖಾನೆಯ ಎದುರಿನ ಕೊನೆಯ ನಿಲ್ದಾಣ, ಮೂಗುಮುಚ್ಚು. ನಡುವೆ ಒಂದು ಕೆಟ್ಟ ತಿರುವು. ಎಷ್ಟು ಸೆಟೆದು ನಿಂತವರೂ ಅಲ್ಲಿ ತಲೆ ಬಾಗಲೇಬೇಕು, ಹಾಗಾಗಿ ಅದು ಅತ್ತೆಮನೆ.

ಕೇಡು ಬಂದದ್ದು ಆ ಅತ್ತೆಮನೆಯಿಂದಲೇ. "ಅತ್ತೆಮನೆ ಬಂತು, ತಲೆ ಬಗ್ಸಿ!" ಎಂದು ಅವಳು ಕೂಗಿದ್ದನ್ನು ಯಾರೋ ಹೆಂಗಸು ತನಗೇ ಹೇಳಿದ್ದೆಂದು ತಿಳಿದು ದೂರು ಕೊಟ್ಟಳು. ಬೋರ್ಡಿನ ಮೇಲಿರುವ ಹೆಸರನ್ನಷ್ಟೇ ಕೂಗಬೇಕು, ಬೇರೆ ಮಾತು ಕೂಡದು ಎಂದು ಆಫೀಸಿನಿಂದ ಆಜ್ಞೆಯಾಯಿತು. ಇನ್ನೊಮ್ಮೆ ತಪ್ಪಿದರೆ ಬಸ್ಸಿನಿಂದ ಇಳಿಸಿ ಡಿಪೋದ ಟಿಕೆಟ್ ಕೋಣೆಗೆ ಹಾಕುತ್ತಾರೆ. ಆ ಕೋಣೆಗೆ ಕಿಟಕಿಯಿಲ್ಲ. ಅಲ್ಲಿ ಕೂತವರು ಸಂಜೆ ಹೊರಬಂದಾಗ ಬೆಳಕಿಗೆ ಕಣ್ಣು ಕಿರಿದು ಮಾಡುವುದನ್ನು ಅವಳು ಕಂಡಿದ್ದಳು.

ದೂರಿನ ಸುದ್ದಿ ಕೇಳಿ ಮನೆಯಲ್ಲಿ ಅತ್ತೆ ಮಾತ್ರ ನಕ್ಕಳು. "ಇರ್ಲಿ ಬಿಡೆ, ನನ್ನ ಹೆಸರಲ್ಲಿ ಒಂದು ತಿರುವಾದ್ರೂ ಇದೆಯಲ್ಲ." ರೇಡಿಯೋ ರಿಪೇರಿ ಮಾಡುವ ಗಂಡ ತಲೆ ಎತ್ತದೆ, "ಬಾಯಿಗೆ ಬೀಗ ಹಾಕು. ಗೋಡೆಗೂ ಕಿವಿ ಇರುತ್ತೆ," ಎಂದ.

ಕಿವಿ ಗೋಡೆಗಲ್ಲ, ಹಿಂದಿನ ಸೀಟಿಗೆ ಬಂತು.

ಒಬ್ಬ ಮನುಷ್ಯ ಆ ವಾರ ದಿನಾ ಹತ್ತತೊಡಗಿದ. ಕೊನೆಯ ಸೀಟಿನ ಮೂಲೆ. ಕೊನೆಯ ನಿಲ್ದಾಣದವರೆಗೆ ಹೋಗುವುದು, ಇಳಿಯದೆ ಅದೇ ಬಸ್ಸಿನಲ್ಲಿ ಮರಳುವುದು. ಓದುವುದಿಲ್ಲ, ತೂಕಡಿಸುವುದಿಲ್ಲ, ಕಿಟಕಿಯಾಚೆ ನೋಡುವುದೂ ಇಲ್ಲ. ಅವಳ ಬಾಯಿಯನ್ನೇ ನೋಡುತ್ತಾನೆ.

"ಅವನ ಬೂಟು ನೋಡಿದ್ಯಾ?" ರಾತ್ರಿಪಾಳಿ ಮುಗಿಸಿ ಬರುವ ನರ್ಸಮ್ಮ ಕಿವಿಯಲ್ಲಿ ಉಸುರಿದಳು. "ಫಳಫಳ. ನಮ್ಮ ಬಸ್ಸಲ್ಲಿ ವಾರ ಓಡಾಡಿದೋನ ಬೂಟನ್ನ ಒಬ್ರೂ ತುಳಿದಿಲ್ಲ ಅಂದ್ರೆ ನಂಬ್ತೀಯಾ? ದಿನಾ ಹೊಸದಾಗಿ ಪಾಲಿಶ್ ಹಾಕ್ಸಿ ಕಾರಲ್ಲಿ ಬಂದು, ಅದನ್ನ ಸ್ಟಾಪಿಂದಾಚೆ ನಿಲ್ಸಿರ್ತಾನೆ."

"ಆಫೀಸಿನೋನೇ ಅಂತೀಯಾ?"

"ಅಲ್ದೆ ಏನು, ನಿನ್ನ ಅಂದ ನೋಡೋಕೆ ಬರ್ತಾನಾ?"

ಡ್ರೈವರನ್ನು ಅವಳು ಭಾವ ಎನ್ನುತ್ತಿದ್ದಳು. ಸಂಬಂಧವೇನಿಲ್ಲ, ಬೈಯಲು ಅನುಕೂಲವೆಂದು. ಆ ಭಾವನೂ ಕನ್ನಡಿಯಲ್ಲಿ ಹಿಂದಿನ ಸೀಟನ್ನು ಅಳೆದು ನೋಡಿ, "ಬೆಕ್ಕು ಸುಮ್ನೆ ಕೂತಿದೆ ಅಂತ ಹಾಲಿಗೆ ಭಯ ಇಲ್ದೆ ಇರುತ್ತಾ? ಹುಷಾರು ತಂಗಿ," ಎಂದ.

ಅನುಮಾನ ಅನ್ನುವುದು ಒದ್ದೆ ಬಟ್ಟೆಯ ಹಾಗೆ. ಒಬ್ಬರ ಮೈಗೆ ತಾಗಿದರೆ ಪಕ್ಕದವರಿಗೂ ತೇವ. ಬಸ್ಸಿನಲ್ಲಿ ಮಾತು ಕಡಿಮೆಯಾಯಿತು. ಕೆಮ್ಮಿದವರನ್ನೂ ಜನ ತಿರುಗಿ ನೋಡತೊಡಗಿದರು. ದೂರು ಕೊಟ್ಟವಳು ನರ್ಸಮ್ಮನೇ ಇರಬಹುದೇ ಎಂದು ತಗಡಕ್ಕನಿಗೂ ಒಮ್ಮೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು, ಆದರೆ ಮರುದಿನ ನರ್ಸಮ್ಮನ ಪಕ್ಕ ನಿಲ್ಲಲಿಲ್ಲ.

ಅಲ್ಲಿಯವರೆಗೆ ಆಜ್ಞೆ ಮರೆತು ಹಳೆಯ ಹೆಸರುಗಳನ್ನೇ ಕೂಗುತ್ತಿದ್ದವಳು ಆ ಬೆಳಿಗ್ಗೆ ಬಾಯಿಗೆ ಬೀಗ ಹಾಕಿಯೇ ಹತ್ತಿದಳು. ಅತ್ತೆಮನೆಯಲ್ಲಿ ತುಟಿ ಕಚ್ಚಿಕೊಂಡಳು. ಎಚ್ಚರಿಕೆಯಿಲ್ಲದೆ ಜನ ಒಬ್ಬರ ಮೇಲೊಬ್ಬರು ವಾಲಿದರು. ಗಡಿಯಾರದಂಗಡಿ ಬಂದಾಗ ಆಫೀಸಿನವರ ಹಾಗೆ ಗಂಟಲು ಸರಿಮಾಡಿಕೊಂಡು, "ಉತ್ತರ ವೃತ್ತ. ಉತ್ತರ ವೃತ್ತ," ಎಂದಳು. ತಗಡಿಗೆ ಒಂದು ಏಟು. ಇಳಿಯುವವರು ಇಳಿದರು. ಧಡ್, ಧಡ್. ಅವಳ ಕಣ್ಣು ಹಿಂದಿನ ಸೀಟಿನ ಮೇಲಿತ್ತು. ಹಾಗಾಗಿ ಮುಂದಿನ ಸೀಟಿನಲ್ಲಿ ಯಾರು ಇಳಿಯದೆ ಉಳಿದರೆಂದು ನೋಡಲಿಲ್ಲ.

ಉಳಿದದ್ದು ಬೆತ್ತದಜ್ಜ. ಕುರ್ಚಿಗಳಿಗೆ ಬೆತ್ತ ಹೆಣೆಯುವವನು, ಕಣ್ಣು ಕಾಣದವನು. ದಿನಾ ಸತ್ತ ಗಡಿಯಾರದಲ್ಲಿ ಇಳಿದು ಗೋಡೆ ಸವರಿಕೊಂಡು ಪೀಠೋಪಕರಣದ ಅಂಗಡಿಗೆ ಹೋಗುತ್ತಿದ್ದ.

ಕೊನೆಯ ನಿಲ್ದಾಣದಲ್ಲಿ ಬಸ್ಸು ಖಾಲಿಯಾಗುವಾಗ ನೂಕುನುಗ್ಗಲಿನ ಜೊತೆ ಅವನೂ ಇಳಿದ. ತೊಗಲಿನ ನಾತ ಮೂಗಿಗೆ ಬಡಿದು ಗಾಬರಿಯಾದ. ಗೋಡೆಗೆಂದು ಕೈಚಾಚಿದರೆ ಗೋಡೆಯಿಲ್ಲ. ಮುಂದೆ ಹೆಜ್ಜೆಯಿಟ್ಟದ್ದು ಲಾರಿಗಳು ತಿರುಗುವ ಅಂಗಳಕ್ಕೆ.

ತಗಡಕ್ಕ ಅದನ್ನು ಕಿಟಕಿಯಿಂದ ಕಂಡಳು. ಒಂದು ಲಾರಿ ಹಿಮ್ಮುಖವಾಗಿ ಬರುತ್ತಿತ್ತು. ಮೆಟ್ಟಿಲು ಮುಟ್ಟದೆ ಹಾರಿ, ಓಡಿ, ಅಜ್ಜನ ಕಾಲರು ಹಿಡಿದೆಳೆದಳು. ಇಬ್ಬರೂ ಮಣ್ಣಿಗೆ ಬಿದ್ದರು. ಬೆತ್ತದ ಕಟ್ಟು ಚಕ್ರದಡಿ ಸಿಕ್ಕಿ ಚಟಚಟನೆ ಮುರಿಯಿತು. ಲಾರಿಯವನು ಬೈದು ಹೋದ.

"ಅಜ್ಜಾ, ಗಡಿಯಾರ ಬಂದಾಗ ಯಾಕೆ ಇಳೀಲಿಲ್ಲ?"

ಅಜ್ಜ ಅವಳ ಕೈಯನ್ನು ಸವರಿ, ಅಂಗೈಯ ಒರಟನ್ನು ಮುಟ್ಟಿ ನೋಡಿದ. "ನೀನೇನಾ?" ಎಂದ. "ದನಿ ನಿನ್ನ ಹಾಗೇ ಇತ್ತು, ಆದ್ರೆ ಸತ್ತ ಗಡಿಯಾರ ಅನ್ಲಿಲ್ಲ, ಮಾತು ನಿಂದಲ್ಲ. ನಿನ್ನ ಎತ್ತಿ ಹಾಕಿ ಬೇರೆ ಯಾರನ್ನೋ ತಂದಿದ್ದಾರೆ ಅಂತ ಅನುಮಾನ ಬಂತಮ್ಮ. ಗುರುತಿಲ್ಲದೋರನ್ನ ಕೇಳಿದ್ರೆ ಎಲ್ಲಿ ಇಳಿಸ್ತಾರೋ ಅಂತ ಬಾಯಿಮುಚ್ಕೊಂಡು ಕೂತೆ."

ಅವಳು ಎದ್ದು ಅಜ್ಜನನ್ನು ಎಬ್ಬಿಸಿದಳು. ಅಜ್ಜನ ಬೆನ್ನಿನ ಮಣ್ಣು ಕೊಡವಿದಳು. ಮುರಿಯದೆ ಉಳಿದ ಬೆತ್ತಗಳನ್ನು ಆರಿಸಿ ಅವನ ಕಂಕುಳಿಗೆ ಸಿಕ್ಕಿಸಿ, ಹತ್ತಿಸಿ, ಮುಂದಿನ ಸೀಟಿನಲ್ಲೇ ಕೂರಿಸಿದಳು. ಡ್ರೈವರು ನೀರು ಕೊಟ್ಟ. ಮರಳುವ ಜನ ತುಂಬಿದರು. ಧಡ್, ಧಡ್. ಬಸ್ಸು ಹೊರಟಿತು.

"ಇಲ್ಲಿ ಬನ್ನಿ," ಎಂದಿತು ಹಿಂದಿನ ಸೀಟು.

ಆ ಮನುಷ್ಯ ಬಾಯಿ ಬಿಟ್ಟದ್ದು ಅದೇ ಮೊದಲು. ತಗಡಕ್ಕ ಕಂಬಿಯಿಂದ ಕಂಬಿಗೆ ಕೈ ಬದಲಿಸುತ್ತ ಹೋಗಿ ನಿಂತಳು.

"ಆಫೀಸಿನೋರಲ್ವಾ ನೀವು?"

"ಹೌದು." ಅವನಿಗೆ ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಭಯ ಬೇಡ. ವಾರವೆಲ್ಲ ಕೇಳಿಸ್ಕೊಂಡಿದ್ದೀನಿ, ಆದ್ರೂ ಹಳೇದನ್ನ ಬಿಟ್ಟುಬಿಡ್ತೀನಿ. ಇವತ್ತು ಕೂಗಿದ್ರಲ್ಲ, ಅದು ಸರಿಯಾಗಿತ್ತು. ಸ್ಪಷ್ಟ. ಒಂದು ಮಾತು ಹೆಚ್ಚಿಲ್ಲ."

"ಆ ಅಜ್ಜನ್ನ ನೋಡಿದ್ರಾ ಸಾರ್?"

"ನೋಡ್ದೆ. ಪಾಪ. ಅಂಥೋರು ಜೊತೇಲಿ ಯಾರನ್ನಾದ್ರೂ ಕರ್ಕೊಂಡು ಬರ್ಬೇಕು. ಅದು ನಿಮ್ಮ ತಪ್ಪಲ್ಲ." ಅವನು ಫಳಫಳಿಸುವ ಬೂಟನ್ನು ಸೀಟಿನಡಿಗೆ ಎಳೆದುಕೊಂಡ. "ಹೀಗೇ ಇರಿ. ಈ ಬಸ್ಸು ನಿಮ್ಮದೇ ಆಗಿರುತ್ತೆ, ನಾನು ಮಾತಾಡ್ತೀನಿ. ಒಂದೇ ಒಂದು ಷರತ್ತು, ನಾಳೆಯಿಂದ ನೀವು..."

ಬಸ್ಸು ನಿಧಾನವಾಗುತ್ತಿತ್ತು. ಕಿಟಕಿಯಾಚೆ ದೊಡ್ಡ ಕಟ್ಟಡವೊಂದು ಕಾಣಿಸಿತು. ಅದರ ಒಂದು ಬದಿಯಲ್ಲಿ ಮದುವೆ ನೋಂದಣಿ ಕಚೇರಿ, ಇನ್ನೊಂದು ಬದಿಯಲ್ಲಿ ವಿಚ್ಛೇದನದ ನ್ಯಾಯಾಲಯ. ಹೊಸ ಬಟ್ಟೆಯ ಹುಡುಗಿಯೊಬ್ಬಳು ಎದ್ದು ನಿಂತು, ಎಲ್ಲಿ ಇಳಿಯಬೇಕೆಂದು ತಿಳಿಯದೆ ಆಚೀಚೆ ನೋಡುತ್ತಿದ್ದಳು.

"...ನಾಳೆಯಿಂದ ಬೋರ್ಡಿನ ಮೇಲೆ ಏನಿದೆಯೋ ಅದನ್ನ ಬಿಟ್ಟು ಒಂದಕ್ಷರ ಕೂಡ..."

ತಗಡಕ್ಕ ತಿರುಗಿ ಬಾಗಿಲ ಕಡೆ ನಡೆದಳು. ಅಪ್ಪನ ದನಿ ಹೊಟ್ಟೆಯಿಂದ ಎದ್ದು ಬಂತು.

"ಗಂಟು ಹಾಕೋರು ಎಡಕ್ಕೆ, ಬಿಚ್ಚೋರು ಬಲಕ್ಕೆ! ಬೇಗ ಇಳೀರಪ್ಪಾ, ಮನಸ್ಸು ಬದಲಾದೀತು!"